ಕಾನಿನ ಮರದೊಳಗೆ ಮದ್ದಿನ ನಕ್ಷೆ

ಹೊನ್ನಾವರದಿಂದ ಜೋಗಕ್ಕೆ ಹೊರಟ ಬಸ್ಸು ಗೇರುಸೊಪ್ಪೆ ದಾಟಿ ಮಲೆಮನೆ ಘಾಟಿ ಏರತೊಡಗಿದಂತೆ ಕರಾವಳಿಯ ಸೆಕೆ ಇಳಿಯುತ್ತದೆ. ಒಂದೆಡೆ ಶರಾವತಿಯ ಆಳ ಕಣಿವೆ, ಇನ್ನೊಂದೆಡೆ ಒತ್ತೊತ್ತಾಗಿ ನಿಂತ ಮರಗಳು. ಈ ದಾರಿಯಲ್ಲಿ ಸಿಗುವ ಒಂದು ಕಾಡಿಗೆ ಕತ್ತಲೆಕಾನು ಎಂದೇ ಹೆಸರು. ಅಲ್ಲಿನ ಜೌಗು ನೆಲದಲ್ಲಿ ಕಾಡು ಜಾಯಿಕಾಯಿ ಜಾತಿಯ ಮರಗಳು ಬೇರುಗಳನ್ನು ಮಡಚಿದ ಮೊಣಕಾಲಿನಂತೆ ಮೇಲೆತ್ತಿ ನಿಂತಿವೆ. ಅದೃಷ್ಟವಿದ್ದವರಿಗೆ ಸಿಂಗಳೀಕಗಳ ಹಿಂಡೂ ಕಂಡೀತು.

ಜಲಪಾತ ನೋಡುವ ಅವಸರದಲ್ಲಿ ಪ್ರವಾಸಿಗರು ದಾಟಿಹೋಗುವ ಇಂಥ ಕಾನುಗಳು ಔಷಧಗಳ ಉಗ್ರಾಣವೂ ಹೌದು. ಆದರೆ ಉಗ್ರಾಣದ ಸುದ್ದಿ ಹೊರಬಿದ್ದರೆ ಮರಕ್ಕೆ ಕೊಡಲಿಯ ಭಯ. ಪಶ್ಚಿಮಘಟ್ಟದ ನೋಥಪೊಡೈಟಿಸ್ ಎಂಬ ಸಣ್ಣ ಮರವೇ ಇದಕ್ಕೆ ಸಾಕ್ಷಿ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವಿದೆಯೆಂದು 1972ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದರಿಂದ ರೂಪುಗೊಂಡ ಕ್ಯಾನ್ಸರ್ ಔಷಧಗಳು 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದವು. ಬೇಡಿಕೆ ಏರಿದಂತೆ ಘಟ್ಟದ ಉದ್ದಕ್ಕೂ ಆ ಮರಗಳು ಕಾಂಡಕ್ಕಾಗಿ, ಬೇರಿಗಾಗಿ ಉರುಳಿದವು.

ಇದೇ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೇವಿನ ಕುಟುಂಬಕ್ಕೆ ಸೇರಿದ ಇನ್ನೊಂದು ಮರವಿದೆ. ಸಸ್ಯಶಾಸ್ತ್ರದಲ್ಲಿ ಅದು ಡೈಸಾಕ್ಸಿಲಂ ಬೈನೆಕ್ಟಾರಿಫೆರಂ. ಅದರಲ್ಲಿ ರೋಹಿಟುಕಿನ್ ಎಂಬ ರಾಸಾಯನಿಕವಿರುವುದನ್ನು ಮುಂಬಯಿಯ ಹೋಕ್ಸ್ಟ್ ಕಂಪನಿಯ ಸಂಶೋಧಕರು 1988ರಲ್ಲಿ ಪ್ರಕಟಿಸಿದರು. ಅದರ ರಚನೆಯನ್ನು ಅನುಸರಿಸಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಫ್ಲೇವೊಪಿರಿಡಾಲ್ ಅನ್ನು ರಕ್ತದ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಿಸಿ ನೋಡಲಾಗಿದೆ.

ಹಾಗಾದರೆ ಈ ಮದ್ದು ಮರದ ಯಾವ ಭಾಗದಲ್ಲಿದೆ? ಹಳೆಯ ವಿಧಾನದಲ್ಲಿ ತೊಗಟೆಯನ್ನೋ ಎಲೆಯನ್ನೋ ಒಣಗಿಸಿ, ಪುಡಿಮಾಡಿ, ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬೇಕು. ಎಷ್ಟಿದೆ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಎಲ್ಲವೂ ಪುಡಿಯಾದ ಮೇಲೆ ತೊಗಟೆಯ ಯಾವ ಪದರದಲ್ಲಿತ್ತು, ಎಲೆಯ ಯಾವ ಮೂಲೆಯಲ್ಲಿತ್ತು ಎಂದು ಹೇಳುವುದು ಹೇಗೆ?

ಈ ಪ್ರಶ್ನೆಯ ಬೆನ್ನುಹತ್ತಿದವರು ಘಟ್ಟದಿಂದ ಬಹುದೂರ, ಬೆಂಗಳೂರು ಮತ್ತು ಚೆನ್ನೈಗಳಲ್ಲಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, 'ಏಟ್ರೀ' ಸಂಸ್ಥೆಯ ಜಿ. ರವಿಕಾಂತ್, ಚೆನ್ನೈನ ಐಐಟಿಯ ಟಿ. ಪ್ರದೀಪ್ ಮತ್ತು ಸಂಗಡಿಗರು ಈ ಮರದ ಸಸಿಗಳನ್ನೇ ಪರೀಕ್ಷೆಗೆ ಆರಿಸಿಕೊಂಡರು.

ಅವರು ಬಳಸಿದ ವಿಧಾನದ ಹೆಸರು 'ಡೆಸಿ'. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡ 2004ರಲ್ಲಿ ಇದನ್ನು ಪ್ರಕಟಿಸಿತು. ವಿದ್ಯುದಾವೇಶ ಹೊತ್ತ ದ್ರಾವಕದ ಅತಿ ನವಿರಾದ ತುಂತುರನ್ನು ವಸ್ತುವಿನ ಮೇಲ್ಮೈಯ ಒಂದು ಬಿಂದುವಿಗೆ ಚಿಮ್ಮಿಸಲಾಗುತ್ತದೆ. ಹನಿಗಳು ಸಿಡಿಯುವಾಗ ಅಲ್ಲಿನ ಅಣುಗಳನ್ನೂ ಎತ್ತಿಕೊಂಡು ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಸೇರುತ್ತವೆ. ಇದು ಅಣುಗಳನ್ನು ತೂಗುವ ತಕ್ಕಡಿ ಇದ್ದಂತೆ. ರೋಹಿಟುಕಿನ್ ಇದ್ದರೆ 306ರ ಬಳಿ ಗುರುತು ಮೂಡುತ್ತದೆ. ಆ ಅಣುವನ್ನು ಇನ್ನಷ್ಟು ಒಡೆದು, ಚೂರುಗಳನ್ನೂ ತೂಗಿ, ಗುರುತನ್ನು ಖಚಿತಪಡಿಸಿಕೊಳ್ಳುತ್ತಾರೆ. ಒಂದೊಂದೇ ಬಿಂದುವನ್ನು ಹೀಗೆ ಪರೀಕ್ಷಿಸುತ್ತ ಸಾಗಿ, ಪ್ರಮಾಣಕ್ಕೆ ತಕ್ಕ ಬಣ್ಣ ಕೊಟ್ಟು ಕಂಪ್ಯೂಟರಿನಲ್ಲಿ ಜೋಡಿಸಿದರೆ ರಂಗೋಲಿಯ ಚುಕ್ಕಿ ಕೂಡಿದಂತೆ ಚಿತ್ರ ಮೂಡುತ್ತದೆ. ಅದೇ ಸಸ್ಯದೊಳಗಿನ ರಾಸಾಯನಿಕದ ನಕ್ಷೆ.

2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಸಸಿಯಲ್ಲಿ ರೋಹಿಟುಕಿನ್ ಮುಖ್ಯವಾಗಿ ತಾಯಿಬೇರಿನಲ್ಲಿ, ಬೇರು ಮತ್ತು ಕಾಂಡ ಕೂಡುವ ಕುತ್ತಿಗೆಯಲ್ಲಿ, ಎಳೆ ಎಲೆಗಳಲ್ಲಿ ಇತ್ತು. ಬೇರು, ಕಾಂಡಗಳಲ್ಲೂ ಅದು ಎಲ್ಲೆಡೆ ಹರಡಿರಲಿಲ್ಲ. ಸಿಪ್ಪೆಗೂ ನಡುವಿನ ತಿರುಳಿಗೂ ಮಧ್ಯೆ ಇರುವ ಕಾರ್ಟೆಕ್ಸ್ ಪದರದಲ್ಲೇ ಹೆಚ್ಚಾಗಿತ್ತು. ಬೆಳೆದ ಮರದಲ್ಲಿ ಬೀಜ, ಹಣ್ಣು ಹಾಗೂ ತೊಗಟೆಗಳಲ್ಲಿ ಅದು ಶೇಖರಗೊಳ್ಳುತ್ತದೆ.

ಈ ವಿವರ ಕಾಡಿಗೆ ಬಹಳ ಮುಖ್ಯ. ಸುತ್ತಲೂ ತೊಗಟೆ ಸುಲಿಸಿಕೊಂಡ ಮರ ಒಣಗಿ ಸಾಯುತ್ತದೆ. ಒಂದಷ್ಟು ಹಣ್ಣು ಬಿಟ್ಟುಕೊಟ್ಟ ಮರ ಮರುವರ್ಷವೂ ಬಿಟ್ಟೀತು. ಆದರೆ ಬೀಜವನ್ನೆಲ್ಲ ಬಾಚಿಕೊಂಡರೆ ನಾಳೆಯ ಸಸಿಗೆ ಏನುಳಿಯುತ್ತದೆ? ಮದ್ದಿನ ವಿಳಾಸ ತಿಳಿದವರು ಎಲ್ಲಿ ಕೈಹಾಕಬಾರದು ಎಂಬುದನ್ನೂ ತಿಳಿದಿರಬೇಕು.

ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಬೇರೆ ಬೇರೆ ಪಠ್ಯಪುಸ್ತಕಗಳಲ್ಲಿ ಓದುವ ವಿದ್ಯಾರ್ಥಿಗಳು ಅವೆಲ್ಲವೂ ಒಂದು ಸಸಿಯಲ್ಲಿ ಕೂಡಿರುವುದನ್ನು ಇಲ್ಲಿ ಕಾಣಬಹುದು. ಜೋಗದ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವವರು ಮಲೆಮನೆ ಘಾಟಿಯಲ್ಲಿ ಐದು ನಿಮಿಷ ನಿಂತು ಈ ಮರಗಳತ್ತ ಕೈತೋರಿಸಬಹುದು. ಔಷಧವಿದೆಯೆಂದು ಎಲೆ ಕಿತ್ತು ಜಗಿಯುವುದು ಮಾತ್ರ ಬೇಡ. ಕಾಡಿನ ಅಣು ಔಷಧವಾಗಲು ಬಹಳ ವರ್ಷಗಳ ಪರೀಕ್ಷೆ ಬೇಕು. ಅಷ್ಟು ಕಾಲ ಮರವೂ ನಿಂತಿರಬೇಕು.