ಬಿಲ್ಲು ಇಳಿಸಿದವನು

ಆನ್‌ಸೈಟ್ ಅಂತ ಡೆನ್ವರ್‌ನಲ್ಲಿದ್ದ ವರ್ಷ. ಟೀಮಿನ ಹಿರಿಯನೊಬ್ಬ ಸೆಪ್ಟೆಂಬರ್ ಬಂತೆಂದರೆ ರಜೆ ಹಾಕಿ, ಬಿಲ್ಲು ಬಾಣ ಹಿಡಿದು ಎಲ್ಕ್ ಬೇಟೆಗೆ ಹೊರಡುತ್ತಿದ್ದ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದ್ಕೊಳ್ಳಿ, ಗಂಡು ಸುಮಾರು 300 ಕೆಜಿ ತೂಗುತ್ತದೆ. ಅಂಗಡಿಯಲ್ಲಿ ಬಂದೂಕು ಸಿಗುವ ದೇಶದಲ್ಲಿ ಇದೆಂಥ ಹುಚ್ಚು ಅಂತ ಕೇಳಿದೆ. ‘ಬಂದು ನೋಡು’ ಅಂದ. ಹೋದೆ.

ನಾನು ಬೆಳೆದದ್ದು ಗೇರುಸೊಪ್ಪದಲ್ಲಿ. ಶರಾವತಿ ಕಣಿವೆಯ ಆ ಕಾಡಲ್ಲಿ ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ. ಅದಕ್ಕೇ ನಮ್ಮಲ್ಲಿ ಶಿಕಾರಿ ಅಂದರೆ ಗುಂಪಿನ ಕೆಲಸ. ಒಂದಷ್ಟು ಜನ ಕೂಗುತ್ತ ಹಳು ನುಗ್ಗಬೇಕು, ಕೋವಿಯವರು ಪ್ರಾಣಿ ದಾಟುವ ಜಾಗದಲ್ಲಿ ಕಾಯಬೇಕು. ಘಟ್ಟದ ಮೇಲಿನ ನೆಂಟರು ಹಾಗೆ ಕಾಯುವುದಕ್ಕೆ ‘ಬಿಲ್ಲಿಗೆ ನಿಲ್ಲೋದು’ ಅನ್ನುತ್ತಿದ್ದರು. ಕೈಯಲ್ಲಿ ಕೇಪಿನ ಕೋವಿ, ಬಾಯಲ್ಲಿ ಮಾತ್ರ ಇನ್ನೂ ಬಿಲ್ಲು! 1972ರ ಕಾಯ್ದೆ, 1991ರ ತಿದ್ದುಪಡಿ ಎಲ್ಲ ಬಂದು ಬೇಟೆ ಅಪರಾಧವಾದ ಮೇಲೂ ನನ್ನ ಬಾಲ್ಯದ ರಾತ್ರಿಗಳಲ್ಲಿ ಈಡಿನ ಸದ್ದು ನಿಂತಿರಲಿಲ್ಲ.

ಕೊಲೊರಾಡೋದ ವಾಲ್ಡನ್ ಕಡೆಯ ಬಯಲು ಇದಕ್ಕೆ ತದ್ವಿರುದ್ಧ. 8,000 ಅಡಿ ಎತ್ತರ, ಮೊಣಕಾಲುದ್ದದ ಗಿಡಗಳು. ಮೈಲಿ ದೂರದಿಂದಲೇ ಎಲ್ಕ್ ಕಾಣುತ್ತದೆ, ಅದಕ್ಕೆ ನಾವೂ ಕಾಣುತ್ತೇವೆ. ಬಾಣ ಬಿಡಬೇಕೆಂದರೆ 40 ಗಜದೊಳಗೆ ಹೋಗಬೇಕು ಅನ್ನೋದು ಅವನ ಲೆಕ್ಕ. ಗಾಳಿ ನೋಡಿಕೊಂಡು, ಸುತ್ತು ಹಾಕಿ, ತೆವಳಿ ಎರಡು ದಿನ ಕಳೆದವು. ನನ್ನ ಮೊಣಕೈ ಕಿತ್ತುಹೋಗಿತ್ತು. ಮೂರನೇ ಸಂಜೆ ಒಂದು ಗಂಡು ಎದುರಿಗೇ ಬಂದು ನಿಂತಿತು, 60 ಗಜ ಇರಬಹುದು. ಆತ ಬಿಲ್ಲು ಎಳೆದ, ಒಂದು ಕ್ಷಣ ಹಿಡಿದ, ಇಳಿಸಿಬಿಟ್ಟ.

ಬಾಣ ಕೊಲ್ಲುವುದು ರಕ್ತ ಹರಿಸಿ. ಶ್ವಾಸಕೋಶಕ್ಕೆ ನೆಟ್ಟರೆ ಬೇಗ ಮುಗಿಯುತ್ತದೆ. ಹೊಟ್ಟೆಗೆ ನೆಟ್ಟರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಬೆನ್ನು ಹತ್ತಿದರೆ ಇನ್ನೂ ದೂರ ಓಡುತ್ತದೆ. ಅವನು ಇದನ್ನೆಲ್ಲ ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ತೋಟದ ಹಿಂದಿನ ಹಳ್ಳ.

ನಾನಾಗ ಎಂಟನೇ ಕ್ಲಾಸು. ಗದ್ದೆಗೆ ಹಂದಿ ಬಿದ್ದಿದೆಯೆಂದು ಚಿಕ್ಕಪ್ಪ ಕತ್ತಲಲ್ಲಿ ಈಡು ಹೊಡೆದ. ಏನೋ ಮುರಿದುಕೊಂಡು ಓಡಿದ ಸದ್ದು. ಬೆಳಿಗ್ಗೆ ಹುಡುಕಿದರೆ ಸಿಗಲಿಲ್ಲ. ಮೂರನೇ ದಿನ ವಾಸನೆ ಹಿಡಿದು ಹೋದೆವು. ಹಂದಿಯಲ್ಲ, ಗಬ್ಬದ ಕಡವೆ. ಅದು ಒದ್ದಾಡಿದಷ್ಟೂ ಅಗಲ ಮಣ್ಣು ಕಿತ್ತುಬಂದಿತ್ತು. ಗುಂಡಿ ತೋಡಿ ಮುಚ್ಚಿದ ಮೇಲೆ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: ‘ಯಾರಿಗೂ ಹೇಳ್ಬೇಡ ತಮಾ.’ ಮುಂದಿನ ಚುನಾವಣೆಗೆ ಸ್ಟೇಶನ್ನಿನಲ್ಲಿ ಇಟ್ಟ ಕೋವಿಯನ್ನು ಆತ ವಾಪಸ್ ತರಲೇ ಇಲ್ಲ.

ಹಾಗಾದರೆ ಬಿಲ್ಲಿನ ಬೇಟೆಗೆ ಅರ್ಥವಿದೆಯಾ? ಅಲ್ಲಿ ಇದೆ ಅನ್ನಿಸಿತು. ಹೊಡೆದರೆ ಅವನ ಮನೆ ಚಳಿಗಾಲವಿಡೀ ಅದನ್ನೇ ಉಣ್ಣುತ್ತದೆ. ಬಿಲ್ಲಿನ ಮೇಲಿನ 11% ತೆರಿಗೆ ವನ್ಯಜೀವಿಗಳಿಗೇ ಹೋಗುತ್ತದೆ. ಬಂದೂಕಿಗೆ 1937ರಿಂದ ಇದ್ದ ಆ ಕಾನೂನನ್ನು ಬಿಲ್ಲಿಗೂ ಹಬ್ಬಿಸಿದ್ದು, ತಮಾಷೆ ನೋಡಿ, ಅದೇ 1972ರಲ್ಲಿ. ಆಪ್‌ನಲ್ಲಿ ಚಿಕನ್ ಬಿರಿಯಾನಿ ತರಿಸಿ ತಿನ್ನುವ ನಾನು ಅವನಿಗೆ ಅಹಿಂಸೆ ಹೇಳಲು ಹೋಗಲಿಲ್ಲ. ಆದರೆ ಗೇರುಸೊಪ್ಪದಲ್ಲಿ ಕಾನೂನು ಬಿಟ್ಟರೂ ನಾನು ಬೇಡ ಅಂತೀನಿ. ಆ ಹಳುವಿನಲ್ಲಿ ಗಾಯಗೊಂಡ ಪ್ರಾಣಿಯನ್ನು ಹುಡುಕಿ ತೆಗೆಯುತ್ತೇನೆ ಅನ್ನುವ ಧೈರ್ಯ ಯಾರಿಗಿದೆ? ಹಂದಿ ಕಾಟಕ್ಕೆ ನಮ್ಮ ಕೆಳಗಿನ ಗದ್ದೆ ಈಗ ಬೀಳು ಬಿದ್ದಿದೆ, ಅದೂ ನಿಜ. ಅದಕ್ಕೆ ಬೇಲಿ ಬೇಕು, ಬಾಣವಲ್ಲ.

ಊರಿಗೆ ಹೋದಾಗ ಚಿಕ್ಕಪ್ಪನಿಗೆ ಈ ಕಥೆ ಹೇಳಿದೆ. ದುಡ್ಡು ಕೊಟ್ಟು ಮೂರು ದಿನ ತೆವಳಿದ್ದಕ್ಕೆ ಚೆನ್ನಾಗಿ ನಕ್ಕ. ಬಿಲ್ಲು ಇಳಿಸಿದ ಅಂದಾಗ ಮಾತ್ರ ಕವಳ ಜಗಿಯುವುದನ್ನು ನಿಲ್ಲಿಸಿದ.

‘ಎಷ್ಟು ಗಜ ಅಂದೆ?’

‘ಅರವತ್ತು.’

‘ಬೆಳಕಿತ್ತಾ?’

ಇತ್ತು ಅಂದೆ. ಎದ್ದು ಅಂಗಳಕ್ಕೆ ಹೋಗಿ ಉಗಿದು ಬಂದ, ಆಮೇಲೆ ಅಡಿಕೆ ರೇಟಿನ ಮಾತು ತೆಗೆದ.