ಅರ್ಧ ಹಸಿರು, ಅರ್ಧ ಕೆಂಪು

ಮೇ ತಿಂಗಳ ಮೊದಲ ವಾರ. ರಾತ್ರಿ ಹನ್ನೆರಡು ದಾಟಿದೆ. ಚೀನಾದ ಫುಜಿಯಾನ್ ಪ್ರಾಂತ್ಯ, ವೂಯಿ ಬೆಟ್ಟಸಾಲಿನ ತಿಯಾನ್‌ಶಿನ್ ಹಳ್ಳಿ. ಸುಗ್ಗಿಯ ಕಾಲ, ಚಹಾ ಮಾಡುವ ಮನೆಗಳಲ್ಲಿ ದೀಪ ಆರಿಲ್ಲ. ಒಂದರೊಳಗೆ ಕಾಲಿಡುತ್ತೀರಿ. ಕಿಟಕಿ ಮುಚ್ಚಿದೆ, ಸೆಕೆ, ಹಸಿ ಹುಲ್ಲಿನ ಘಾಟು. ಮರದ ಅಟ್ಟಣೆಯಲ್ಲಿ ಒಂದರ ಮೇಲೊಂದು ಬಿದಿರಿನ ಗೆರಸೆಗಳು, ಅವುಗಳ ತುಂಬ ಸಂಜೆಬಿಸಿಲಿಗೆ ಬಾಡಿಸಿ ತಂದ ಎಲೆ.

ಮೇಸ್ತ್ರಿ ಒಂದು ಗೆರಸೆ ಎಳೆದು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಮಣಿಕಟ್ಟು ತಿರುಗುತ್ತದೆ. ಎಲೆಗಳು ಸುಳಿಯಾಗಿ ಎದ್ದು, ಒಂದರ ಅಂಚಿಗೆ ಇನ್ನೊಂದು ಉಜ್ಜಿ, ಸರಸರ ಸದ್ದು ಮಾಡಿ ಬೀಳುತ್ತವೆ. ಕೆಲವೇ ಸುತ್ತು. ಮತ್ತೆ ಅಟ್ಟಣೆಗೆ, ವಿಶ್ರಾಂತಿಗೆ. ಮತ್ತೆ ಕುಲುಕು. ರಾತ್ರಿಯೆಲ್ಲ ಇದೇ. ದೊಡ್ಡ ಮಾಲು ಪಕ್ಕದ ಕೋಣೆಯ ತೂತು ಡ್ರಮ್ಮಿನಲ್ಲಿ ಉರುಳುತ್ತಿದೆ; ಕೈ ಕೆಲಸ ಒಳ್ಳೆ ಬೆಲೆ ಬರುವ ಎಲೆಗೆ ಮಾತ್ರ.

ಒಂದೆಲೆ ಎತ್ತಿ ಟಾರ್ಚಿಗೆ ಹಿಡಿಯಿರಿ. ನಡುವೆ ಇನ್ನೂ ಹಸಿರು, ನರಗಳು ಕಾಣುತ್ತವೆ. ಅಂಚಿನ ಸಣ್ಣ ಹಲ್ಲುಗಳು ಮಾತ್ರ ಜಜ್ಜಿ, ಗಾಳಿ ತಾಗಿ, ಕೆಂಪಗಾಗಿವೆ. ಬೆನ್ನು ಉಬ್ಬಿ ಎಲೆ ಚಮಚದಂತೆ ಬಾಗಿದೆ. ಹಸಿರು ಚಹಾದವರು ಬೇಗನೆ ಶಾಖ ಕೊಟ್ಟು ಈ ಕೆಂಪನ್ನು ತಡೆಯುತ್ತಾರೆ. ನಮ್ಮ ಹಾಲಿನ ಚಹಾಕ್ಕೆ ಬರುವ ಕಪ್ಪು ಎಲೆಯಲ್ಲಿ ಅದನ್ನು ಪೂರ್ತಿ ಹಬ್ಬಲು ಬಿಡುತ್ತಾರೆ. ನಡುದಾರಿಯಲ್ಲಿ ನಿಲ್ಲಿಸಿದ್ದು ಊಲಾಂಗ್. ನಿಲ್ಲಿಸುವ ಈ ಉಪಾಯ ಮೊದಲು ಯಾರಿಗೆ ಹೊಳೆಯಿತು ಎಂಬುದಕ್ಕೇ ಫುಜಿಯಾನಿನಲ್ಲಿ ವ್ಯಾಜ್ಯ.

ಮೇಸ್ತ್ರಿಯನ್ನು ಕೇಳಿ ಪ್ರಯೋಜನವಿಲ್ಲ. ವೂಯಿಯಲ್ಲಿ ನಿಂತು ಕೇಳಿದರೆ ಬೇರೆ ಉತ್ತರ ಎಲ್ಲಿಂದ ಬಂದೀತು? ದಕ್ಷಿಣದ ಅನ್‌ಶಿಗೆ ಹೋದರೆ ಸು ಲಾಂಗ್ ಎಂಬ ಬೇಟೆಗಾರನ ಕಥೆ ಹೇಳುತ್ತಾರೆ. ಚಹಾ ಕಿತ್ತು ಬರುತ್ತಿದ್ದವನು ಜಿಂಕೆ ಕಂಡು ಬೆನ್ನಟ್ಟಿದ. ಬೆನ್ನಿನ ಬುಟ್ಟಿಯಲ್ಲಿ ಎಲೆ ಕುಲುಕಿತು. ರಾತ್ರಿ ಮಾಂಸದಡುಗೆಯ ಸಡಗರದಲ್ಲಿ ಎಲೆ ಮರೆತುಹೋಯಿತು. ಬೆಳಗ್ಗೆ ನೋಡಿದರೆ ಅಂಚು ಕೆಂಪು, ಹೊಸ ಪರಿಮಳ. ಕುಲುಕು, ವಿಶ್ರಾಂತಿ ಎಲ್ಲವೂ ಕ್ರಮವಾಗಿ ಬಂದುಬಿಟ್ಟಿವೆ. ಚಹಾ ಮಾಡಲು ಬಲ್ಲವರೇ ಹೆಣೆದ ಕಥೆ ಇದು ಎಂದು ನನಗೆ ಅನುಮಾನ. ಕಥೆಯ ಕಾಲ ಯೋಂಗ್‌ಜೆಂಗ್ ಚಕ್ರವರ್ತಿಯದು, ಎಂದರೆ 1723ರಿಂದ 1735. ಆದರೆ ವೂಯಿಯಲ್ಲಿ ನೆಲೆಸಿದ್ದ ವಾಂಗ್ ಚಾವೊಟಾಂಗ್ 1717ರ ಸುಮಾರಿಗೇ ಎಲ್ಲವನ್ನೂ ಬರೆದಿಟ್ಟಿದ್ದ: ಎಲೆಯನ್ನು ಬಿದಿರಿನ ಮೇಲೆ ಹರಡಿ ಗಾಳಿಬಿಸಿಲಿಗಿಡುವುದು, ಕುಲುಕುವುದು, ಪರಿಮಳ ಎದ್ದ ಕ್ಷಣಕ್ಕೆ ಹುರಿಯುವುದು, ಆಮೇಲೆ ಕೆಂಡದ ಕಾವು. ಕುದಿಸಿ ತೆಗೆದಾಗ ಎಲೆ ಅರ್ಧ ಹಸಿರು, ಅರ್ಧ ಕೆಂಪು. ಈ ಸೀಮೆಯ ಅಧಿಕಾರಿಯಾಗಿದ್ದ ಲು ಟಿಂಗ್‌ಚಾನ್ 1734ರ ತನ್ನ ಚಹಾ ಗ್ರಂಥದಲ್ಲಿ ಅದನ್ನು ಉದ್ಧರಿಸಿದ್ದರಿಂದ ನಮಗೆ ದಕ್ಕಿದೆ.

ಮೂರನೆಯ ಹಕ್ಕುದಾರರು ಜಿಯಾನ್‌ಔ ಕಡೆಯವರು. ಸಾಂಗ್ ಕಾಲದ ಬೇಯುವಾನ್ ರಾಜತೋಟ ಅವರ ಸಾಕ್ಷಿ. ಅಲ್ಲಿ ಆಗುತ್ತಿದ್ದುದು ಎಲೆಯನ್ನು ಹಬೆಯಲ್ಲಿ ಬೇಯಿಸಿ, ಅರೆದು, ಅಚ್ಚೊತ್ತಿದ ಬಿಲ್ಲೆ. ಅದು ಊಲಾಂಗ್ ಅಲ್ಲ, ಬಿಡಿ.

ಹಾಗಾದರೆ ವೂಯಿ ಗೆದ್ದಿತೇ? ಸನ್ಯಾಸಿಯೊಬ್ಬ ಅಡ್ಡ ಬರುತ್ತಾನೆ. ಶಿ ಚಾವೊಚುವಾನ್ 17ನೇ ಶತಮಾನದವನು, ಹುಟ್ಟಿದ್ದು ಅನ್‌ಶಿಯ ನೆರೆಯ ಟೊಂಗ್‌ಆನ್‌ನಲ್ಲಿ, ಸೇರಿದ್ದು ವೂಯಿಯ ಮಠವನ್ನು. ಚಹಾ ಕುರಿತು ಎರಡು ಹಾಡು ಬರೆದ. ಒಂದರಲ್ಲಿ ಅನ್‌ಶಿಯವರು ವೂಯಿಯ ಬಂಡೆಚಹಾವನ್ನು ಅನುಕರಿಸುತ್ತಾರೆ ಎನ್ನುತ್ತಾನೆ. ಇನ್ನೊಂದರಲ್ಲಿ ವೂಯಿಯಲ್ಲಿ ಈಗ ದಕ್ಷಿಣದ ಝಾಂಗ್‌ಝೌ ಪದ್ಧತಿಗೇ ಬೆಲೆ ಎನ್ನುತ್ತಾನೆ. ಎರಡೂ ಕಕ್ಷಿಗೆ ಒಬ್ಬನೇ ಸಾಕ್ಷಿ! ದಾಖಲೆ ವೂಯಿಯದು, ಗೆರಸೆ ತಿರುಗಿಸಿದ ಕೈಗಳು ದಕ್ಷಿಣದವು ಎಂಬ ಕಡೆಗೇ ನನ್ನ ಒಲವು. ಅನ್‌ಶಿಯ ಒಳಗೂ ಒಮ್ಮತವೇನಿಲ್ಲ: ಅಲ್ಲಿನ ಹೆಸರಾಂತ ತಿಯೆಗುವಾನ್‌ಯಿನ್ ತಳಿಯನ್ನು ಕಂಡವರು ಯಾರು ಎಂದು ಒಂದೇ ಶಿಪಿಂಗ್ ಹೋಬಳಿಯ ವೇಯಿ, ವಾಂಗ್ ಮನೆತನಗಳು ತಲಾ ಒಂದು ಕಥೆ ಇಟ್ಟುಕೊಂಡಿವೆ.

ಅಷ್ಟರಲ್ಲಿ ಕೋಣೆಯ ವಾಸನೆ ತಿರುಗಿದೆ. ಹುಲ್ಲಿನ ಘಾಟು ಹೋಗಿ ಹಣ್ಣಿನ, ಹೂವಿನ ಕಂಪು. ಮೇಸ್ತ್ರಿ ಗೆರಸೆಗೆ ಮೂಗು ತಾಗಿಸುತ್ತಾನೆ, ಒಂದು ಹಿಡಿ ಎಲೆ ಅದುಮಿ ನೋಡುತ್ತಾನೆ, ತಲೆಯಾಡಿಸುತ್ತಾನೆ. ಮುಂಚೆಯೂ ಸಲ್ಲ, ತಡವೂ ಸಲ್ಲ ಎಂದು ವಾಂಗ್ ಚಾವೊಟಾಂಗ್ ಎಚ್ಚರಿಸಿದ್ದು ಈ ಗಳಿಗೆಯನ್ನೇ. ಕಾದ ಬಾಣಲೆಗೆ ಎಲೆ ಬೀಳುತ್ತದೆ, ಚಟಪಟ ಸಿಡಿಯುತ್ತದೆ, ಬಿಳಿ ಹಬೆ ಮುಖಕ್ಕೆ ಬಡಿಯುತ್ತದೆ. ಕೆಂಪು ಇನ್ನು ಮುಂದೆ ಹೋಗದು. ಬಾಡಿದ ಬಿಸಿ ಎಲೆಯನ್ನು ಹೊಸೆಯಲು ಹುಡುಗರು ಹೊತ್ತೊಯ್ಯುತ್ತಾರೆ. ಪಕ್ಕದ ಡ್ರಮ್ಮಿನದು ಇನ್ನೂ ಹಸಿ ವಾಸನೆ. ಮೇಸ್ತ್ರಿ ಬಾಗಿಲಲ್ಲೇ ನಿಂತು ಇನ್ನೆರಡು ಸುತ್ತು ಎಂದು ಬೆರಳು ತೋರಿಸುತ್ತಾನೆ.