ಐದು ಸೀಟು, ಐದು ಪಾಲು

ಗದಗ ಕಡೆಯ ನಾವು ಐದು ಮಂದಿಗೆ ಒಮ್ಮೆ ಒಟ್ಟಿಗೆ ಸಮುದ್ರ ನೋಡುವ ಆಸೆ. ಮೊದಲು ಬಾಯಿಗೆ ಬಂದದ್ದು ಗೋವಾ. ರೂಮು, ಬಾಡಿಗೆ ಬೈಕು, ಊಟ ಅಂತ ಲೆಕ್ಕ ಬೆಳೆಯುತ್ತಿದ್ದಂತೆ ಗೆಳೆಯನೊಬ್ಬ, ‘ಹೊಲದಾಗ ಕೆಲಸ ಐತಿ, ನೀವು ಹೋಗಿ ಬರ್ರಿ’ ಅಂದ. ಕೆಲಸವೇನೂ ಇರಲಿಲ್ಲ, ಕೈಯಲ್ಲಿ ರೊಕ್ಕ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡಲಿಲ್ಲ.

ಮತ್ತೆ ಲೆಕ್ಕ ಹಾಕಿ ಗೋಕರ್ಣ ಅಂತ ತೀರ್ಮಾನಿಸಿದೆವು. ನಮ್ಮಲ್ಲಿ ಮೂವರು ಹುಡುಗಿಯರು. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅವರಿಗೆ ದುಡ್ಡಿಲ್ಲ. ಉಳಿದಿಬ್ಬರ ಟಿಕೆಟ್ಟನ್ನು ಐದು ಪಾಲು ಮಾಡಲು ಹೇಳಿದವರೂ ಅವರೇ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ಗೋಕರ್ಣ ಮುಟ್ಟಿದೆವು. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ನಡೆದೇ ಹೋದೆವು. ಸಮುದ್ರ ನೋಡಲು ಟಿಕೆಟ್ ಇರಲಿಲ್ಲ. ‘ಕೆಲಸ ಐತಿ’ ಅಂದವನೇ ಕೊನೆಗೆ ನೀರಿನಿಂದ ಎದ್ದು ಬಂದ.

ಈಗ ಪ್ರವಾಸ ಅಂದರೆ ನಾವು ಊರಿನ ಹೆಸರು ಮೊದಲು ಹೇಳುವುದಿಲ್ಲ. ಯಾರಿಗೆ ಎಷ್ಟು ಆಗುತ್ತದೋ ಅದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕುತ್ತೇವೆ. ಎಲ್ಲಕ್ಕಿಂತ ಸಣ್ಣ ಮೊತ್ತಕ್ಕೆ ಹೊಂದುವ ಊರನ್ನೇ ಆರಿಸುತ್ತೇವೆ. ಆಮೇಲೆ ಯಾರಿಗೂ ಹೊಲದ ಕೆಲಸ ನೆನಪಾಗಿಲ್ಲ.